ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ನಿತ್ಯನಿಯಮ

ಮಹಾವ್ರತಗಳನ್ನು ಸಂಕಲ್ಪಿಸುವವರು ಬಹುಮಂದಿ. ಅಲ್ಪನಿಯಮವೊಂದನ್ನು ಅನುದಿನವೂ ತಪ್ಪದೆ ನಡೆಸುವವರು ವಿರಳರು. ಈ ವಿರಳಮಾರ್ಗವನ್ನೇ ಸಮಾಜಕ್ಕೆ ರಾಜಮಾರ್ಗವನ್ನಾಗಿ ತೋರಿದ ಪುಣ್ಯಪುರುಷರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು.

ಇಂದಿನ ಹಾವೇರಿ ಜಿಲ್ಲೆಯ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಬಡ ಜಂಗಮ ಮನೆತನದಲ್ಲಿ ಜನಿಸಿದ ಇವರ ಪೂರ್ವಾಶ್ರಮದ ನಾಮಧೇಯವು ಹಾಲಯ್ಯ. ಕೆಲಕಾಲ ಬಾಲಕರಿಗೆ ಪಾಠ ಹೇಳಿ, ಬಳಿಕ ವೈರಾಗ್ಯನಿಷ್ಠರಾಗಿ ಎಳಂದೂರು ಬಸವಲಿಂಗ ಸ್ವಾಮಿಗಳ ಸೇವೆಗೈದು ಶಿವಯೋಗಮಾರ್ಗದಲ್ಲಿ ನಿಂತರು.

1904ರಲ್ಲಿ ವೀರಶೈವ ಮಹಾಸಭೆಯನ್ನು ಸ್ಥಾಪಿಸಿದ ಶ್ರೀಗಳವರು, ಸಮಾಜಕ್ಕೆ ದಾರಿ ತೋರತಕ್ಕ ಮಠಾಧಿಪತಿಗಳೇ ನಿಯಮ ತಪ್ಪಿದರೆ ಸಭೆಗಳ ನಿರ್ಣಯಗಳು ನಿಷ್ಫಲವೆಂದು ಬಗೆದು, 1909ರಲ್ಲಿ ಬಾದಾಮಿಯ ಸಮೀಪದ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ನೆಲೆಗೊಳಿಸಿದರು. ಅಲ್ಲಿಯ ವಟುಗಳಿಗೆ ಅರುಣೋದಯದ ಸ್ನಾನ, ಇಷ್ಟಲಿಂಗಪೂಜೆ, ಯೋಗಾಭ್ಯಾಸ, ಶಾಸ್ತ್ರಾಧ್ಯಯನ, ಗೋಸೇವೆಗಳೇ ದಿನಚರ್ಯೆ. ಗೋಮಯವನ್ನು ಉಂಡೆಗಟ್ಟಿ ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ಗಟ್ಟಿಮಾಡುವ ವಿಭೂತಿಯ ಕಾಯಕವೂ ಅಲ್ಲಿ ನಡೆಯಿತು. ಅವಸರಪಟ್ಟರೆ ವಿಭೂತಿಯು ಶುಭ್ರವಾಗದು. ಮನವೂ ಹಾಗೆಯೇ, ದಿನದಿನದ ಶೋಧನೆಯಿಂದಲೇ ತಿಳಿಯಾಗತಕ್ಕದ್ದು.

ಕಣ್ಣಿಲ್ಲದ ಬಾಲಕನೊಬ್ಬನನ್ನು ಶ್ರೀಗಳವರು ಪೊರೆದು ಸಂಗೀತಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಸ್ವರಸಾಧನೆಯನ್ನು ಬಿಡದೆ ನಡೆಸಿದ ಆ ಬಾಲಕನೇ ಮುಂದೆ ಗದುಗಿನ ಪಂಚಾಕ್ಷರ ಗವಾಯಿಗಳೆಂದು ಪ್ರಖ್ಯಾತನಾದನು.

1930ರಲ್ಲಿ ಶ್ರೀಗಳವರು ಲಿಂಗೈಕ್ಯರಾದರು. ಅವರ ಪುಣ್ಯಸ್ಮರಣೆಗೆ ಕೈಮುಗಿಯುವ ಸದ್ಭಕ್ತರು ಒಂದು ಸಣ್ಣ ನಿಯಮವನ್ನಾದರೂ ಹಿಡಿಯಲಿ. ಒಂದು ದಿನ ತಪ್ಪಿದರೆ ಎದೆಗುಂದದೆ ಮರುದಿನವೇ ಮತ್ತೆ ತೊಡಗಲಿ. ಬೆಳಗಿನ ಮಜ್ಜನ, ಕ್ಷಣಕಾಲದ ಲಿಂಗಧ್ಯಾನ, ಕೈತುಂಬ ಕಾಯಕ, ಇವು ತಪ್ಪದೆ ನಡೆದ ಮನೆಯೇ ಶಿವಯೋಗಮಂದಿರವು.