ಹೆಸರು ತಪ್ಪಿತು, ನೋಟ ತಪ್ಪಲಿಲ್ಲ

ಅಲರ್ಜಿಗೆ ಕಾರಣವಾಗುವ ಮಾಸ್ಟ್ ಕೋಶಗಳ ಪ್ರೋಟೀನುಗಳ ಅಧ್ಯಯನ ನನ್ನ ಕೆಲಸ. ಹೋದ ವರ್ಷ ಎಂಟು ತಿಂಗಳ ಪ್ರಯೋಗಕ್ಕೆ ನಾನು ಕೊಟ್ಟ ವಿವರಣೆಯೇ ತಪ್ಪೆಂದು ಗೊತ್ತಾಯಿತು. ಹೈದರಾಬಾದಿನ ಬಾಡಿಗೆ ಮನೆಯಲ್ಲಿ ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಗ ನೆನಪಾದವರು ಪಾಲ್ ಎರ್ಲಿಕ್.

1854ರಲ್ಲಿ ಪ್ರಷ್ಯಾದ ಸೈಲೀಸಿಯಾದಲ್ಲಿ, ಯಹೂದಿ ಕುಟುಂಬದಲ್ಲಿ ಹುಟ್ಟಿದ ಎರ್ಲಿಕ್‌ಗೆ ವಿದ್ಯಾರ್ಥಿ ದೆಸೆಯಿಂದಲೂ ಬಣ್ಣಗಳ ಹುಚ್ಚು. ಬಟ್ಟೆಗೆ ಹಾಕುವ ಅನಿಲೀನ್ ಬಣ್ಣಗಳನ್ನು ಅಂಗಾಂಶಗಳಿಗೆ ಹಾಕಿ ನೋಡುತ್ತಿದ್ದರು. 1878ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ, ಒಡಲ ತುಂಬ ಕಾಳುಗಳಿದ್ದು ವಿಶಿಷ್ಟವಾಗಿ ಬಣ್ಣ ಹಿಡಿಯುವ ಕೋಶಗಳನ್ನು ವಿವರಿಸಿದರು. ಅವು ಚೆನ್ನಾಗಿ ಉಂಡು ಕೊಬ್ಬಿದ ಕೋಶಗಳೆಂದು ಭಾವಿಸಿ, ಜರ್ಮನ್ ಭಾಷೆಯಲ್ಲಿ ಮೇಯಿಸಿ ಕೊಬ್ಬಿಸುವುದಕ್ಕಿರುವ ಪದದಿಂದ ಮಾಸ್ಟ್ ಎಂದು ಹೆಸರಿಟ್ಟರು. ಮರುವರ್ಷ ಇಯೋಸಿನೊಫಿಲ್ ಕೋಶಗಳನ್ನೂ ಗುರುತಿಸಿದರು. ಅಲರ್ಜಿ ಎಂಬ ಪದ ಬಂದದ್ದೇ 1906ರಲ್ಲಿ.

ಮುಂದೆ ಅವರು ಕ್ಷಯಕ್ಕೆ ತುತ್ತಾಗಿ ಚೇತರಿಸಿಕೊಳ್ಳಲು ಈಜಿಪ್ಟಿಗೆ ಹೋದರು. ಮರಳಿ ಬಂದು ರೋಗನಿರೋಧಕ ಶಕ್ತಿಯ ಅಧ್ಯಯನಕ್ಕೆ ಇಳಿದರು. ಕೋಶದ ಮೈಮೇಲಿನ ಕೊಂಡಿಗಳಿಗೆ ವಿಷವಸ್ತು ಬೀಗಕ್ಕೆ ಕೀಲಿಯಂತೆ ಕೂರುತ್ತದೆ ಎಂಬುದು 1897ರ ಅವರ ಸಿದ್ಧಾಂತ. 1908ರಲ್ಲಿ ಮೆಚ್ನಿಕಾಫ್ ಜೊತೆ ನೊಬೆಲ್ ಬಂತು. 1909ರಲ್ಲಿ ಜಪಾನಿನ ಸಹಚಿರೊ ಹಾಟಾ ಅವರ ಪ್ರಯೋಗಾಲಯದಲ್ಲಿ, ಉಪಯೋಗವಿಲ್ಲವೆಂದು ಬದಿಗಿಟ್ಟಿದ್ದ 606ನೇ ಸಂಯುಕ್ತವನ್ನು ಮತ್ತೆ ಪರೀಕ್ಷಿಸಿದರು. ಅದೇ ಸಿಫಿಲಿಸ್‌ಗೆ ಔಷಧಿಯಾದ ಸಾಲ್ವರ್ಸಾನ್. 1915ರಲ್ಲಿ ಎರ್ಲಿಕ್ ತೀರಿಕೊಂಡರು.

ಮಾಸ್ಟ್ ಕೋಶದ ಕಾಳುಗಳು ಊಟವಲ್ಲ, ಹಿಸ್ಟಮಿನ್ ತುಂಬಿದ ಚೀಲಗಳು ಎಂದು ತಿಳಿದದ್ದು 1953ರಲ್ಲಿ. ಟ್ರಿಪ್ಟೇಸ್, ಕೈಮೇಸ್‌ನಂಥ ಪ್ರೋಟೀನುಗಳೂ ಅದರಲ್ಲಿವೆ. ಐಜಿಇ ಎಂಬ ಪ್ರತಿಕಾಯ ಕೋಶದ ಮೈಮೇಲಿನ ಗ್ರಾಹಕದಲ್ಲಿ ಕೂತು ಕಾಯುತ್ತದೆ. ಪರಾಗವೋ ಶೇಂಗಾದ ಪ್ರೋಟೀನೋ ಬಂದು ಅಕ್ಕಪಕ್ಕದ ಪ್ರತಿಕಾಯಗಳನ್ನು ಬೆಸೆದರೆ ಚೀಲಗಳು ನಿಮಿಷಗಳಲ್ಲೇ ಬರಿದಾಗುತ್ತವೆ. ಸೀನು, ತುರಿಕೆ, ಕೆಲವೊಮ್ಮೆ ಪ್ರಾಣಾಪಾಯ. ಕೋಶ ಎರ್ಲಿಕ್ ಕಂಡದ್ದು. ಕೊಂಡಿಯ ಕಲ್ಪನೆಯೂ ಅವರದೇ. ಎರಡನ್ನೂ ಜೋಡಿಸಿ ನೋಡುವಷ್ಟು ಕಾಲ ಮಾತ್ರ ಅವರಿಗೆ ಸಿಗಲಿಲ್ಲ.

ಅವರ ಊಹೆ ತಪ್ಪಿತ್ತು, ಆದರೆ ಕಂಡದ್ದನ್ನು ಕಂಡಂತೆ ಬರೆದಿಟ್ಟಿದ್ದರು. ಹಾಗಾಗಿ ಅದು ಇಂದಿಗೂ ನಮಗೆ ಉಪಯೋಗ. ಬೆಳಿಗ್ಗೆ ಲ್ಯಾಬಿಗೆ ಹೋದವನು ಹಳೆಯ ಸ್ಲೈಡುಗಳನ್ನು ಎಸೆಯಲಿಲ್ಲ. ವಿವರಣೆಯನ್ನಷ್ಟೇ ಹೊಡೆದುಹಾಕಿ, ಮೊದಲ ಸ್ಲೈಡಿನಿಂದ ಮತ್ತೆ ಎಣಿಸತೊಡಗಿದೆ.