ದಿನಕ್ಕೆ ಎರಡಾಣೆ: ಕಾರ್ಡ್ ಪಾಯಿಂಟಿನ ಪುಕ್ಕಟೆ ಪ್ರವಾಸವೂ ಡಾಕ್ಟರ್ ಟಿ. ಎಂ. ಎ. ಪೈಯವರ ಬದುಕೂ

ಶುಕ್ರವಾರ ಸಂಜೆ ನೆಲಮಂಗಲದಲ್ಲಿ ಹೆದ್ದಾರಿಯ ಪಕ್ಕ ನಿಂತರೆ ಬೆಂಗಳೂರು ರಜೆಗೆ ಹೊರಡುವುದು ಕಾಣುತ್ತದೆ. ಒಂದಷ್ಟು ಕಾರುಗಳು ತುಮಕೂರಿನ ಕಡೆ ನೇರ ಹೋಗುತ್ತವೆ. ಉಳಿದವು ಕುಣಿಗಲ್ ಕಡೆ ತಿರುಗಿ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಕರಾವಳಿಗೆ ಇಳಿಯುತ್ತವೆ. ಹೀಗೆ ಹೊರಟವರ ನಡುವೆ ಈಚೆಗೆ ಒಂದು ಮಾತು ಚೆನ್ನಾಗಿ ಓಡುತ್ತಿದೆ: ಕ್ರೆಡಿಟ್ ಕಾರ್ಡಿನ ಪಾಯಿಂಟು, ವಿಮಾನದ ಮೈಲು ಕೂಡಿಸಿಟ್ಟರೆ ಟಿಕೆಟ್ಟು, ಹೋಟೆಲು ಎಲ್ಲ ಪುಕ್ಕಟೆ.

ಅದೇ ಹೊತ್ತಿಗೆ ಊರೊಳಗಿನ ಪೇಟೆಯಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ. ಹೆಗಲಿಗೆ ಬ್ಯಾಗು, ಕೈಯಲ್ಲಿ ಪುಟ್ಟ ಯಂತ್ರ ಹಿಡಿದ ಪಿಗ್ಮಿ ಕಲೆಕ್ಟರ್ ಹೂವಿನಂಗಡಿ, ಬೇಕರಿ, ತರಕಾರಿ ಗಾಡಿಗಳ ಮುಂದೆ ಒಂದೊಂದು ನಿಮಿಷ ನಿಂತು, ಐವತ್ತೋ ನೂರೋ ಪಡೆದು, ಚೀಟಿ ಹರಿದು ಕೊಟ್ಟು ಮುಂದೆ ಹೋಗುತ್ತಾರೆ.

ಎರಡೂ ಹನಿಗೂಡಿ ಹಳ್ಳ ಎನ್ನುವ ಲೆಕ್ಕಗಳೇ. ಆದರೆ ಒಂದರಲ್ಲಿ ಕೂಡಿದ ಹನಿ ನಮ್ಮದು, ಇನ್ನೊಂದರಲ್ಲಿ ಅದು ಯಾರದು ಎಂದು ಕೇಳಬೇಕಾಗುತ್ತದೆ. ಈ ವ್ಯತ್ಯಾಸ ತಿಳಿಯಲು ನಾವು ಪಿಗ್ಮಿಯನ್ನು ಶುರುಮಾಡಿದ ಡಾಕ್ಟರ ಕಥೆಯನ್ನೇ ನೋಡೋಣ.

ಕಲ್ಯಾಣಪುರದಿಂದ ಮದರಾಸಿಗೆ, ಮತ್ತೆ ಊರಿಗೆ

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿಯ ಹತ್ತಿರದ ಕಲ್ಯಾಣಪುರದಲ್ಲಿ. ಆಗ ಆ ಭಾಗ ಮದರಾಸು ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆ. ಜಿಲ್ಲೆಯಲ್ಲಿ ಡಾಕ್ಟರಿಕೆ ಕಲಿಯಲು ಕಾಲೇಜು ಇರಲಿಲ್ಲ. ಹಾಗಾಗಿ ಅವರು ಮದರಾಸು ಮೆಡಿಕಲ್ ಕಾಲೇಜಿಗೆ ಹೋಗಿ ಓದಿದರು. ಓದು ಮುಗಿದ ಮೇಲೆ ದೊಡ್ಡ ಪಟ್ಟಣದಲ್ಲಿ ನೆಲೆಸದೆ ಊರಿನ ಕಡೆಗೇ ಬಂದು ರೋಗಿಗಳನ್ನು ನೋಡತೊಡಗಿದರು.

1920ರ ದಶಕದ ಮೊದಲ ಭಾಗದಲ್ಲಿ ಉಡುಪಿ ಸುತ್ತಿನ ಕೈಮಗ್ಗದ ಕಸುಬು ನೆಲ ಕಚ್ಚಿತ್ತು. ನೇಕಾರರಿಗೆ ನೂಲು ಕೊಳ್ಳಲು ಬಂಡವಾಳವಿಲ್ಲ, ಸಾಲ ಕೊಡುವವರಿಲ್ಲ. ಈ ಹೊತ್ತಿನಲ್ಲಿ ಮೂವರು ಸೇರಿದರು: ವ್ಯಾಪಾರಿಯಾಗಿದ್ದ ಅಣ್ಣ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ, ಮತ್ತು ಡಾಕ್ಟರ್ ಪೈ. 1925ರ ಅಕ್ಟೋಬರಿನಲ್ಲಿ 8,000 ರೂಪಾಯಿ ಬಂಡವಾಳದೊಂದಿಗೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಉಡುಪಿಯಲ್ಲಿ ಬಾಗಿಲು ತೆರೆಯಿತು. ನಮಗೆ ಗೊತ್ತಿರುವ ಸಿಂಡಿಕೇಟ್ ಬ್ಯಾಂಕಿನ ಮೊದಲ ಹೆಸರು ಅದು.

ಇಲ್ಲೊಂದು ಗೊಂದಲ ಬಿಡಿಸಬೇಕು. ಕೆನರಾ ಬ್ಯಾಂಕನ್ನೂ ಇದೇ ಪೈಯವರು ಕಟ್ಟಿದರು ಎಂದು ಅನೇಕರು ತಿಳಿದಿದ್ದಾರೆ. ಅದು ಬೇರೆ ಪೈ. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಆರಂಭಿಸಿದ ಸಂಸ್ಥೆ ಅದು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು 1906ರಿಂದ 1931ರೊಳಗೆ ಇದೊಂದೇ ಜಿಲ್ಲೆಯಲ್ಲಿ ಹುಟ್ಟಿದ್ದರಿಂದ ಗೊಂದಲ ಸಹಜವೇ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಮೇಲಂತೂ ಎರಡು ಪೈಗಳ ಕಥೆ ಇನ್ನಷ್ಟು ಕಲಸಿಹೋಗಿದೆ.

ಎರಡಾಣೆ ಮಾಡಿದ ಕೆಲಸ

ಬ್ಯಾಂಕು ತೆರೆದರೆ ಸಾಲದು, ಅದರೊಳಗೆ ದುಡ್ಡು ಬರಬೇಕು. ದಿನಗೂಲಿಯವರು, ಮೀನು ಮಾರುವವರು, ಮಗ್ಗದವರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಬ್ಯಾಂಕು ಇರುವುದು ಸಾಹುಕಾರರಿಗೆ ಎಂಬ ನಂಬಿಕೆ ಒಂದು ಕಡೆ. ಹೋಗಿ ಬರಲು ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕು ಎಂಬ ಲೆಕ್ಕ ಇನ್ನೊಂದು ಕಡೆ. ತಿಂಗಳ ಕೊನೆಯಲ್ಲಿ ಉಳಿಸೋಣವೆಂದರೆ, ದಿನವೂ ದುಡಿದು ದಿನವೂ ತಿನ್ನುವವರ ಕೈಯಲ್ಲಿ ಆಗ ಏನೂ ಉಳಿದಿರುವುದಿಲ್ಲ.

1928ರಲ್ಲಿ ಬಂದ ಪಿಗ್ಮಿ ಠೇವಣಿ ಈ ಮೂರೂ ತೊಡಕಿಗೆ ಒಟ್ಟಿಗೆ ಉತ್ತರವಾಯಿತು. ಬ್ಯಾಂಕಿನ ಏಜೆಂಟನೇ ಮನೆ ಬಾಗಿಲಿಗೆ ಬರುತ್ತಾನೆ, ದಿನವೂ ಬರುತ್ತಾನೆ, ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ತೆಗೆದುಕೊಳ್ಳುತ್ತಾನೆ. ತೀರಾ ಸಣ್ಣದು ಎಂಬ ಅರ್ಥದ ಇಂಗ್ಲಿಷ್ ಪದವೇ ಯೋಜನೆಗೆ ಹೆಸರಾಯಿತು. ಇವತ್ತು ನಮ್ಮ ಊರುಗಳಲ್ಲಿ ಪಿಗ್ಮಿ ಎಂದರೆ ದಿನದ ಉಳಿತಾಯ ಎಂದೇ ಅರ್ಥ.

ಲೆಕ್ಕ ನೋಡಿ. ರೂಪಾಯಿಗೆ 16 ಆಣೆ. ದಿನಕ್ಕೆ 2 ಆಣೆಯಂತೆ ತಿಂಗಳಿಗೆ 60 ಆಣೆ, ಅಂದರೆ 3 ರೂಪಾಯಿ 12 ಆಣೆ. ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಇಡೀ ಬ್ಯಾಂಕೇ 8,000 ರೂಪಾಯಿಯಲ್ಲಿ ಶುರುವಾಗಿತ್ತು ಎಂಬುದನ್ನು ನೆನೆದರೆ, ಇಂಥ ಇನ್ನೂರು ಜನರ ಒಂದು ವರ್ಷದ ಎರಡಾಣೆಗಳು ಆ ಬಂಡವಾಳವನ್ನು ಮೀರಿಸುತ್ತವೆ.

ಮನುಷ್ಯರ ಮನಸ್ಸು ನಾಳೆಯ ದೊಡ್ಡ ಲಾಭಕ್ಕಿಂತ ಇವತ್ತಿನ ಚಿಕ್ಕ ಸುಖಕ್ಕೆ ಹೆಚ್ಚು ತೂಕ ಕೊಡುತ್ತದೆ ಎಂದು ಇಂದಿನ ವರ್ತನಾ ಅರ್ಥಶಾಸ್ತ್ರ ಹೇಳುತ್ತದೆ. ಪಿಗ್ಮಿ ಈ ದೌರ್ಬಲ್ಯವನ್ನು ಬೈಯದೆ ಅದರ ಸುತ್ತಲೇ ದಾರಿ ಮಾಡಿತು. ಮೊತ್ತ ಚಿಕ್ಕದಾದ್ದರಿಂದ ಕೊಡುವಾಗ ನೋವಿಲ್ಲ. ಏಜೆಂಟ್ ಎದುರಿಗೇ ನಿಂತಿರುವುದರಿಂದ ಮರೆವಿಲ್ಲ.

ಬೋಳುಗುಡ್ಡದ ಮೇಲಿನ ಕಾಲೇಜು

ಹನಿ ಕೂಡಿಸುವ ಇದೇ ಯೋಚನೆ ಪೈಯವರ ಉಳಿದ ಕೆಲಸಗಳಲ್ಲೂ ಕಾಣುತ್ತದೆ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಬಂತು. 1953ರಲ್ಲಿ, ಮುರಕಲ್ಲಿನ ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ, ಕಸ್ತೂರಬಾ ಮೆಡಿಕಲ್ ಕಾಲೇಜು ಶುರುವಾಯಿತು. ಸರ್ಕಾರವೇ ವೈದ್ಯಕೀಯ ಕಾಲೇಜು ನಡೆಸಬೇಕು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಸ್ವಂತ ದೊಡ್ಡ ಆಸ್ಪತ್ರೆ ಇಲ್ಲದ ಕಾರಣ ವಿದ್ಯಾರ್ಥಿಗಳ ತರಬೇತಿಗೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳನ್ನು ಬಳಸಿಕೊಳ್ಳುವ ಏರ್ಪಾಡಾಯಿತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು.

ಇದನ್ನು ಬರಿಯ ಹೊಗಳಿಕೆಯಾಗಿ ಮುಗಿಸುವಂತಿಲ್ಲ. ಕಾಲೇಜು ಕಟ್ಟುವ ಹಣದ ಒಂದು ಪಾಲು ವಿದ್ಯಾರ್ಥಿಗಳ ಕುಟುಂಬಗಳಿಂದಲೇ ಬಂತು. ಸರ್ಕಾರ ಕೊಡದ ಸೀಟು ಹೀಗೆ ಹುಟ್ಟಿತು ಎನ್ನುವವರಿದ್ದಾರೆ. ಕ್ಯಾಪಿಟೇಶನ್ ಶುಲ್ಕದ ರೂಢಿಗೆ ಇಲ್ಲಿಂದಲೇ ದಾರಿಯಾಯಿತು ಎನ್ನುವವರೂ ಇದ್ದಾರೆ. ಖಾಸಗಿ ಕಾಲೇಜುಗಳ ಹಕ್ಕು ಎಷ್ಟು ಎಂಬ ಪ್ರಶ್ನೆಗೆ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿಗೂ ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರೇ ಇದೆ.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಸಿಂಡಿಕೇಟ್ ಬ್ಯಾಂಕೂ ಸರ್ಕಾರದ್ದಾಯಿತು. 1972ರಲ್ಲಿ ಪೈಯವರಿಗೆ ಪದ್ಮಶ್ರೀ ಬಂತು. 1979ರ ಮೇ 29ರಂದು ಅವರು ತೀರಿಕೊಂಡರು. ಮರುವರ್ಷ, 1980ರಲ್ಲಿ, ಭಾರತದಲ್ಲಿ ಬ್ಯಾಂಕೊಂದರ ಮೊದಲ ಕ್ರೆಡಿಟ್ ಕಾರ್ಡ್ ಬಂತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಪ್ರಯಾಣಿಕರಿಗೆ ಮೈಲು ಲೆಕ್ಕ ಹಾಕಿಕೊಡುವ ಯೋಜನೆ ಶುರುಮಾಡಿತು. ಎರಡನ್ನೂ ಅವರು ನೋಡಲಿಲ್ಲ.

ಹಾಗಾದರೆ ಪಾಯಿಂಟು ಎಲ್ಲಿಂದ ಬರುತ್ತದೆ?

ಕಾರ್ಡು ಉಜ್ಜಿದಾಗ ಅಂಗಡಿಯವರು ಬಿಲ್ಲಿನ ಒಂದು ಪಾಲನ್ನು ಶುಲ್ಕವಾಗಿ ಬಿಟ್ಟುಕೊಡುತ್ತಾರೆ. ಅದರಲ್ಲಿ ಕಾರ್ಡು ಕೊಟ್ಟ ಬ್ಯಾಂಕಿಗೂ ಪಾಲಿದೆ. ಇದರ ಜತೆಗೆ ವಾರ್ಷಿಕ ಶುಲ್ಕ, ಬಿಲ್ಲು ಪೂರ್ತಿ ಕಟ್ಟದವರಿಂದ ಬರುವ ಬಡ್ಡಿ, ತಡವಾದದ್ದಕ್ಕೆ ದಂಡ. ಈ ಆದಾಯದ ಒಂದು ಚೂರು ಪಾಯಿಂಟಾಗಿ ನಮಗೆ ಮರಳುತ್ತದೆ. ಅಂದರೆ ಒಬ್ಬರ ಪುಕ್ಕಟೆ ಪ್ರವಾಸದಲ್ಲಿ ಇನ್ನೊಬ್ಬರು ಕಟ್ಟಿದ ಬಡ್ಡಿಯೂ ಸೇರಿರಬಹುದು.

ನಮ್ಮಲ್ಲೇ ಒಬ್ಬರು ನೆಲಮಂಗಲದಿಂದ ಉಡುಪಿಗೆ ಎರಡು ದಿನದ ಪ್ರವಾಸವನ್ನು ಪಾಯಿಂಟಿನಲ್ಲೇ ಮುಗಿಸಬೇಕೆಂದು ಕಾರ್ಡಿನ ಲೆಕ್ಕ ತೆಗೆದರು. 9,200 ಪಾಯಿಂಟು ಇತ್ತು. ಪಾಯಿಂಟಿಗೆ 25 ಪೈಸೆಯಂತೆ 2,300 ರೂಪಾಯಿ. ಆ ಕಾರ್ಡು 100 ರೂಪಾಯಿಗೆ 2 ಪಾಯಿಂಟು ಕೊಡುವಂಥದ್ದು. ಅಂದರೆ 4,60,000 ರೂಪಾಯಿ ಖರ್ಚು ಮಾಡಿ ಗಳಿಸಿದ್ದು ಅರ್ಧ ಶೇಕಡಾ. ನಡುವೆ ಒಂದು ತಿಂಗಳು ಕೈ ಕಟ್ಟಿ, 40,000 ರೂಪಾಯಿ ಬಿಲ್ಲಿಗೆ 2,000 ರೂಪಾಯಿ ಮಿನಿಮಮ್ ಮಾತ್ರ ಕಟ್ಟಿದ್ದರು. ಉಳಿದ 38,000ಕ್ಕೆ ತಿಂಗಳಿಗೆ 3.5 ಶೇಕಡಾ ಬಡ್ಡಿ 1,330 ರೂಪಾಯಿ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಒಟ್ಟು ಸುಮಾರು 1,570 ರೂಪಾಯಿ. ಖರೀದಿ ಮಾಡಿದ ದಿನದಿಂದ ಎಣಿಸಿದರೆ ಇನ್ನೂ ಹೆಚ್ಚು. ವರ್ಷಗಟ್ಟಲೆ ಕೂಡಿಟ್ಟ ಪಾಯಿಂಟಿನ ಮೂರರಲ್ಲಿ ಎರಡು ಪಾಲು ಒಂದೇ ತಿಂಗಳಲ್ಲಿ ಹೋಯಿತು.

ಅದೇ ಮನಸ್ಸು, ಎದುರು ದಿಕ್ಕು

ಪಿಗ್ಮಿ ಯಾವ ಮನಸ್ಸನ್ನು ಬಳಸಿತೋ ಪಾಯಿಂಟೂ ಅದನ್ನೇ ಬಳಸುತ್ತದೆ, ಆದರೆ ಖರ್ಚಿನ ಕಡೆಗೆ ತಿರುಗಿಸಿ. 2001ರಲ್ಲಿ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಪ್ರಕಟಿಸಿದ ಪ್ರಯೋಗದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟನ್ನು ಹರಾಜಿಗೆ ಇಟ್ಟರು. ನಗದು ಕೊಡಬೇಕಾದವರಿಗಿಂತ ಕಾರ್ಡಿನಲ್ಲಿ ಕೊಡಬಹುದಾದವರು ಸುಮಾರು ಎರಡು ಪಟ್ಟು ಕೂಗಿದರು.

2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಗ್ಸೇವಿಯರ್ ಡ್ರೆಜ್ ಪ್ರಕಟಿಸಿದ್ದು ಇನ್ನೂ ಸ್ವಾರಸ್ಯದ್ದು. ಕಾರು ತೊಳೆಯುವ ಕಡೆ ಕೆಲವರಿಗೆ 8 ಮುದ್ರೆ ಬೇಕಾದ ಕಾರ್ಡು, ಕೆಲವರಿಗೆ 10 ಮುದ್ರೆಯದು, ಆದರೆ 2 ಮೊದಲೇ ಒತ್ತಿದ್ದು. ಇಬ್ಬರಿಗೂ ಬಾಕಿ ಇರುವುದು 8. ಮೊದಲಿನವರಲ್ಲಿ 19 ಶೇಕಡಾ ಮಂದಿ ಕಾರ್ಡು ಪೂರ್ತಿ ಮಾಡಿದರೆ, ಎರಡನೆಯವರಲ್ಲಿ 34 ಶೇಕಡಾ. ಸೇರಿದ ಕೂಡಲೇ ಬೋನಸ್ ಪಾಯಿಂಟು ಯಾಕೆ ಕೊಡುತ್ತಾರೆ ಎಂಬುದು ಇದರಿಂದ ಅರ್ಥವಾಗುತ್ತದೆ. ಸ್ವಲ್ಪ ದೂರ ಬಂದಿದ್ದೇವೆ ಎನಿಸಿದರೆ ನಾವು ನಡೆಯುವುದನ್ನು ನಿಲ್ಲಿಸುವುದಿಲ್ಲ.

ಇನ್ನೊಂದು ವ್ಯತ್ಯಾಸ ಹಕ್ಕಿನದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪಾಯಿಂಟಿಗೆ ಯಾವ ವಿಮೆಯೂ ಇಲ್ಲ. ಅದರ ಬೆಲೆ, ಅವಧಿ ಎರಡನ್ನೂ ಕೊಟ್ಟವರು ಬದಲಿಸಬಹುದು. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ, ಅದರ ಮೈಲು ಕೂಡಿಸಿದ್ದವರಿಗೆ ಹತ್ತಲು ಆ ಕಂಪನಿಯ ವಿಮಾನವೇ ಇರಲಿಲ್ಲ.

ಪಿಗ್ಮಿಗೂ ಎಚ್ಚರ ಬೇಕು

ಹಾಗೆಂದು ಪಿಗ್ಮಿಯೇ ಎಲ್ಲದಕ್ಕೂ ಮದ್ದಲ್ಲ. ಬಡ್ಡಿ ಕಡಿಮೆ, ನಡುವೆ ಮುರಿದರೆ ಕಡಿತವಾಗಬಹುದು. ಕಲೆಕ್ಟರ್ ಯಾವ ಸಂಸ್ಥೆಯವರು ಎಂದು ಕೇಳಿ ತಿಳಿಯಬೇಕು. ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ. ಪತ್ತಿನ ಸಹಕಾರ ಸಂಘಗಳಿಗೆ ಅದು ಅನ್ವಯಿಸುವುದಿಲ್ಲ. ಚೀಟಿ ಅಥವಾ ಮೆಸೇಜು ಬರದೆ ಹಣ ಕೊಡಬಾರದು. ಬಿಸಿಲಲ್ಲಿ ಬಾಗಿಲಿಂದ ಬಾಗಿಲಿಗೆ ನಡೆಯುವ ಆ ಏಜೆಂಟರ ಪಾಡೂ ಇದೆ. ಕಮಿಷನ್ನಿನ ಮೇಲೆ ದುಡಿದ ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ.

ಕಾರ್ಡನ್ನೂ ಬಿಸಾಡಬೇಕಿಲ್ಲ. ಹೇಗಿದ್ದರೂ ಮಾಡಬೇಕಾದ ಖರ್ಚನ್ನು ಕಾರ್ಡಿನಲ್ಲಿ ಮಾಡಿ, ಪ್ರತಿ ತಿಂಗಳೂ ಪೂರ್ತಿ ಬಿಲ್ಲು ಕಟ್ಟುವವರಿಗೆ ಪಾಯಿಂಟು ಒಂದು ಸಣ್ಣ ರಿಯಾಯಿತಿ. ಪಾಯಿಂಟಿಗಾಗಿ ಖರ್ಚು ಮಾಡುವವರಿಗೆ ಅದು ದುಬಾರಿ ಟಿಕೆಟ್ಟು. ನಾವು ಯಾವ ಗುಂಪು ಎಂದು ತಿಳಿಯಲು ಸುಲಭದ ದಾರಿ, ಹೋದ ವರ್ಷ ಕಟ್ಟಿದ ಬಡ್ಡಿ, ದಂಡ, ವಾರ್ಷಿಕ ಶುಲ್ಕ ಕೂಡಿಸಿ ಪಾಯಿಂಟಿನ ಬೆಲೆಯ ಪಕ್ಕ ಬರೆಯುವುದು.

ಉಡುಪಿಯ ಪ್ರವಾಸ ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. ದಿನಕ್ಕೆ 50 ರೂಪಾಯಿಯಂತೆ ಎತ್ತಿಟ್ಟರೆ ಐದು ತಿಂಗಳಿಗೆ 7,500 ರೂಪಾಯಿ. ಇಬ್ಬರಿಗೆ ಬಸ್ಸು, ಸಾಧಾರಣ ಕೋಣೆ, ಊಟಕ್ಕೆ ಸಾಕು. ಕುಣಿಗಲ್ ಕಡೆ ತಿರುಗುವ ಬಸ್ಸು ಹತ್ತಿದರೆ ಮಾರನೇ ದಿನ ಮಣಿಪಾಲದ ಗುಡ್ಡ ಹತ್ತಬಹುದು. ಹಿಂತಿರುಗಿದ ಮೇಲೆ ಬರುವ ಬಿಲ್ಲಿಗೆ ಹೆದರಬೇಕಾಗಿಲ್ಲ.