ಕಾಣದ ವೈರಿಯ ಗುರುತು ಹಿಡಿಸಿದ ಫೇಜ್: ಫೆಲಿಕ್ಸ್ ದೆರೆಲ್

ಗೆಳೆಯರೆ, ಕುರಿ ಹಿಂಡು ನೋಡಿದ್ದೀರಲ್ಲ? ನಮ್ಮ ಕಣ್ಣಿಗೆ ಎಲ್ಲಾ ಕುರಿಯೂ ಒಂದೇ ಥರ. ಆದರೆ ಕಾಯುವವರಿಗೆ ಯಾವ ಕುರಿ ಯಾರ ಹಿಂಡಿನದು ಅಂತ ಚೆನ್ನಾಗಿ ಗೊತ್ತಿರುತ್ತೆ. ರೋಗ ತರುವ ಬ್ಯಾಕ್ಟೀರಿಯಾಗಳದ್ದೂ ಇದೇ ಕಥೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಟೈಫಾಯ್ಡ್ ಬ್ಯಾಕ್ಟೀರಿಯಾ ಇನ್ನೊಂದರ ಹಾಗೇ ಇರುತ್ತದೆ. ಹಾಗಾದರೆ ಎರಡು ಊರಿನಲ್ಲಿ ಜ್ವರ ಬಂದಾಗ, ಅದು ಒಂದೇ ಕಡೆಯಿಂದ ಬಂತೋ ಬೇರೆ ಬೇರೆ ಕಡೆಯಿಂದ ಬಂತೋ ತಿಳಿಯೋದು ಹೇಗೆ? ಇದನ್ನು ಹೇಳಬಲ್ಲ ಒಂದು ಅತಿ ಸಣ್ಣ ವಸ್ತುವಿಗೆ ಹೆಸರಿಟ್ಟವರು ಫೆಲಿಕ್ಸ್ ದೆರೆಲ್.

ದೆರೆಲ್ ಹುಟ್ಟಿದ್ದು 1873ರ ಏಪ್ರಿಲ್ 25ರಂದು, ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ. ಕೆನಡಾದಲ್ಲಿ ಹುಟ್ಟಿದೆ ಅಂತ ಅವರೇ ಹೇಳಿಕೊಳ್ಳುತ್ತಿದ್ದುದರಿಂದ ಹಳೆಯ ಪುಸ್ತಕಗಳಲ್ಲಿ ಹಾಗೇ ಇದೆ. ಸೂಕ್ಷ್ಮಜೀವಿ ಶಾಸ್ತ್ರವನ್ನು ಅವರು ಕಾಲೇಜಿನಲ್ಲಿ ಕಲಿಯಲಿಲ್ಲ. ಪುಸ್ತಕ ಓದಿ, ಮನೆಯಲ್ಲೇ ಪ್ರಯೋಗ ಮಾಡಿ ಕಲಿತರು. ಹೊಟ್ಟೆಪಾಡಿಗಾಗಿ ಕೆನಡಾ, ಗ್ವಾಟೆಮಾಲಾ, ಮೆಕ್ಸಿಕೊ ಅಂತ ಸಂಸಾರ ಕಟ್ಟಿಕೊಂಡು ಅಲೆದರು. 1910ರಲ್ಲಿ ಮೆಕ್ಸಿಕೊದಲ್ಲಿ ಮಿಡತೆಗಳಿಗೆ ಒಂದು ರೋಗ ಬಂದು ರಾಶಿ ರಾಶಿ ಸತ್ತವು. ಆ ರೋಗದ ಬ್ಯಾಕ್ಟೀರಿಯಾ ಬೆಳೆಸುವಾಗ ತಟ್ಟೆಯ ಮೇಲೆ ಅಲ್ಲಲ್ಲಿ ಏನೂ ಬೆಳೆಯದ ಖಾಲಿ ಚುಕ್ಕೆಗಳು ಕಂಡವು. ಬೇರೆಯವರಾಗಿದ್ದರೆ ತಟ್ಟೆ ಕೆಟ್ಟಿತು ಅಂತ ಬಿಸಾಡುತ್ತಿದ್ದರೇನೋ. ದೆರೆಲ್ ಮಾತ್ರ ಆ ಚುಕ್ಕೆಯನ್ನು ಮರೆಯಲಿಲ್ಲ.

ಮುಂದೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಸಂಬಳವಿಲ್ಲದ ಸಹಾಯಕರಾಗಿ ಸೇರಿದರು. 1915ರಲ್ಲಿ, ಮೊದಲನೇ ಮಹಾಯುದ್ಧದ ಸಮಯ, ಪ್ಯಾರಿಸ್ ಹತ್ತಿರ ಬೀಡುಬಿಟ್ಟಿದ್ದ ಕುದುರೆ ಸವಾರರ ಪಡೆಗೆ ರಕ್ತಭೇದಿ ತಗುಲಿತು. ದೆರೆಲ್ ರೋಗಿಗಳ ಮಲವನ್ನು ನೀರಿನಲ್ಲಿ ಕದಡಿ, ಬ್ಯಾಕ್ಟೀರಿಯಾ ಕೂಡ ದಾಟಲಾರದಷ್ಟು ಸಣ್ಣ ರಂಧ್ರದ ಪಿಂಗಾಣಿ ಸೋಸುಕದಲ್ಲಿ ಸೋಸಿದರು. ಸೋಸಿದ ತಿಳಿಯನ್ನು ರಕ್ತಭೇದಿಯ ಬ್ಯಾಕ್ಟೀರಿಯಾಕ್ಕೆ ಸೇರಿಸಿ ನೋಡಿದರೆ ಅದೇ ಖಾಲಿ ಚುಕ್ಕೆಗಳು! ಬ್ಯಾಕ್ಟೀರಿಯಾವನ್ನು ಕೊಲ್ಲುವ, ಅದಕ್ಕಿಂತ ಎಷ್ಟೋ ಸಣ್ಣದಾದ ಒಂದು ವೈರಸ್ ಅಲ್ಲಿತ್ತು. 1917ರಲ್ಲಿ ಅವರು ಇದನ್ನು ಪ್ರಕಟಿಸಿ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು. ಬ್ಯಾಕ್ಟೀರಿಯಾವನ್ನು ತಿನ್ನುವಂಥದ್ದು ಅಂತ ಇದರ ಅರ್ಥ. ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ 1915ರಲ್ಲೇ ಇಂಥದ್ದನ್ನು ಕಂಡಿದ್ದರು. ಆದ್ದರಿಂದ ಮೊದಲಿಗರು ಯಾರು ಅನ್ನೋ ಜಗಳ ಬಹಳ ಕಾಲ ನಡೆಯಿತು. ಕಣ್ಣಿಗೆ ಕಾಣದ ಈ ವಸ್ತು ನಿಜವಾಗಿ ಇದೆಯೇ ಅಂತಲೂ ದೊಡ್ಡ ದೊಡ್ಡವರು ಅನುಮಾನಪಟ್ಟರು.

ದೆರೆಲ್ ಆಸೆ ಇದ್ದದ್ದು ಔಷಧಿಯ ಮೇಲೆ. 1919ರಲ್ಲಿ ಫೇಜ್ ಇರುವ ದ್ರವವನ್ನು ಮೊದಲು ತಾವೇ ಕುಡಿದು ನೋಡಿ, ಆಮೇಲೆ ರಕ್ತಭೇದಿಯಾದ ಮಕ್ಕಳಿಗೆ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. 1927ರಲ್ಲಿ ನಮ್ಮ ದೇಶಕ್ಕೂ ಬಂದು ಪಂಜಾಬಿನಲ್ಲಿ ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟರು. ಹಳ್ಳಿಯ ಬಾವಿಗಳಿಗೂ ಫೇಜ್ ಹಾಕಿಸಿದರು. ಆದರೆ ಒಂದು ತೊಡಕು ಇತ್ತು. ಫೇಜ್ ಸಿಕ್ಕಿದ ಬ್ಯಾಕ್ಟೀರಿಯಾವನ್ನೆಲ್ಲಾ ಕೊಲ್ಲೋದಿಲ್ಲ. ಒಂದು ತಳಿಯನ್ನು ಕೊಂದ ಫೇಜ್ ಅದೇ ರೋಗದ ಇನ್ನೊಂದು ತಳಿಯನ್ನು ಮುಟ್ಟದೆಯೂ ಇರಬಹುದು. ಔಷಧಿ ಕೊಡುವವರಿಗೆ ಇದು ದೊಡ್ಡ ತಲೆನೋವು. ಅದಕ್ಕೇ ಹಲವು ಫೇಜ್‌ಗಳನ್ನು ಬೆರೆಸಿ ಕೊಡಬೇಕಾಗುತ್ತಿತ್ತು.

ಈ ತಲೆನೋವೇ ಬೇರೆಯವರ ಕೈಯಲ್ಲಿ ಉಪಾಯವಾಯಿತು. 1938ರಲ್ಲಿ ಕೆನಡಾದಲ್ಲಿ ಜೇಮ್ಸ್ ಕ್ರೇಗಿ ಮತ್ತು ಯೆನ್ ಎಂಬ ಇಬ್ಬರು ವಿಜ್ಞಾನಿಗಳು, ಯಾವ ಫೇಜ್ ಯಾವ ತಳಿಯನ್ನು ಕೊಲ್ಲುತ್ತದೆ ಎಂಬುದರಿಂದಲೇ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ವಿಧಾನ ಸರಳ. ರೋಗಿಯಿಂದ ತೆಗೆದ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬಾ ಹಚ್ಚಬೇಕು. ಅದರ ಮೇಲೆ ಗೊತ್ತಿರುವ ಫೇಜ್‌ಗಳನ್ನು ಸಾಲಾಗಿ ಒಂದೊಂದು ತೊಟ್ಟು ಇಡಬೇಕು. ಮಾರನೇ ದಿನ ಯಾವ ತೊಟ್ಟಿನ ಜಾಗ ಖಾಲಿಯಾಗಿದೆ ನೋಡಿದರೆ ಆಯಿತು. ಎಲ್ಲಿ ಖಾಲಿ, ಎಲ್ಲಿ ಇಲ್ಲ ಅನ್ನೋದೇ ಆ ಬ್ಯಾಕ್ಟೀರಿಯಾದ ಗುರುತು. ಇಬ್ಬರು ರೋಗಿಗಳಲ್ಲಿ ಗುರುತು ಬೇರೆ ಬೇರೆಯಾದರೆ ರೋಗದ ಮೂಲವೂ ಬೇರೆ ಇರಬೇಕು. ಗುರುತು ಒಂದೇ ಆದರೆ ಮೂಲವೂ ಒಂದೇ ಇರಬಹುದು, ಹುಡುಕಿ ನೋಡಬೇಕು.

ದೆರೆಲ್ ಕೊನೆಗಾಲ ಸುಖವಾಗಿರಲಿಲ್ಲ. 1930ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಜಾರ್ಜಿಯಾಕ್ಕೆ ಹೋಗಿ ಗೆಳೆಯ ಎಲಿಯಾವಾ ಜೊತೆ ಕೆಲಸ ಮಾಡಿದರು. 1937ರಲ್ಲಿ ಆ ಗೆಳೆಯನನ್ನು ಸ್ಟಾಲಿನ್ ಆಡಳಿತ ಕೊಂದಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ದೆರೆಲ್‌ರನ್ನು ಫ್ರಾನ್ಸಿನಲ್ಲೇ ಕಾವಲಿನಲ್ಲಿಟ್ಟರು. ನೊಬೆಲ್ ಬಹುಮಾನಕ್ಕೆ ಹಲವು ಸಲ ಹೆಸರು ಹೋದರೂ ಬಹುಮಾನ ಬರಲಿಲ್ಲ. ಸಮಾಧಾನದ ಸಂಗತಿ ಒಂದಿದೆ. 1940ರ ಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೇಜ್‌ಗಳು ಕಂಡವು, ಅನುಮಾನ ನೀಗಿತು. 1949ರ ಫೆಬ್ರವರಿ 22ರಂದು ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಅವರು ಹೋದ ಮೇಲೂ ಫೇಜ್ ಕೆಲಸ ನಿಲ್ಲಲಿಲ್ಲ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ 400ಕ್ಕೂ ಹೆಚ್ಚು ಜನ ಟೈಫಾಯ್ಡ್‌ನಿಂದ ಮಲಗಿದರು. ಫೇಜ್ ಇಟ್ಟು ನೋಡಿದಾಗ ಅದು 34ನೇ ಬಗೆ ಅಂತ ತಿಳಿಯಿತು. ಈ ಬಗೆ ದಕ್ಷಿಣ ಅಮೆರಿಕದ ಕಡೆಯದು. ಇತ್ತ ರೋಗಿಗಳು ಏನು ತಿಂದಿದ್ದರು ಅಂತ ವಿಚಾರಿಸಿದರೆ ಬೆರಳು ಒಂದೇ ಅಂಗಡಿಯ ಕಡೆ ತೋರಿಸಿತು. ಅಲ್ಲಿ ಮಾರಿದ್ದ ಮಾಂಸದ ಡಬ್ಬಿ ಅರ್ಜೆಂಟೀನಾದಿಂದ ಬಂದಿತ್ತು. ಅಲ್ಲಿ ಬಿಸಿ ಡಬ್ಬಿಗಳನ್ನು ಶುದ್ಧ ಮಾಡದ ಹೊಳೆ ನೀರಿನಲ್ಲಿ ತಣಿಸಿದ್ದರು. ಸಣ್ಣ ತೂತಿನಿಂದ ನೀರು ಒಳಗೆ ಹೋಗಿತ್ತು ಎಂಬ ತೀರ್ಮಾನಕ್ಕೆ ಬಂದರು. ನಮ್ಮ ಕಲ್ಕತ್ತದಲ್ಲೂ 1968ರಲ್ಲಿ ಬಸು ಮತ್ತು ಮುಖರ್ಜಿ ಎಂಬುವರು ಎಲ್ ಟಾರ್ ಎಂಬ ಕಾಲರಾ ಬ್ಯಾಕ್ಟೀರಿಯಾವನ್ನು ಫೇಜ್‌ಗಳಿಂದ ವಿಂಗಡಿಸುವ ಕ್ರಮ ರೂಪಿಸಿದರು. ಈಗ ಬಹಳ ಕಡೆ ಬ್ಯಾಕ್ಟೀರಿಯಾದ ಡಿಎನ್ಎಯನ್ನೇ ಪೂರ್ತಿ ಓದಿ ಗುರುತು ಹಿಡಿಯುತ್ತಾರೆ. ಅದು ಇನ್ನೂ ನಿಖರ. ಆದರೆ ಅದು ಬರುವ ಮೊದಲು ಹಲವು ದಶಕ ಈ ಕೆಲಸ ಮಾಡಿದ್ದು ಫೇಜ್‌ಗಳೇ.

ಗೆಳೆಯರೆ, ಕೆಟ್ಟ ತಟ್ಟೆಯ ಹಾಗೆ ಕಂಡ ಖಾಲಿ ಚುಕ್ಕೆಯಿಂದ ಎಷ್ಟು ವಿದ್ಯೆ ಹೊರಬಂತು ನೋಡಿ. ನಮಗೂ ಏನಾದರೂ ವಿಚಿತ್ರ ಕಂಡರೆ ಹಾಗೇ ದಾಟಿ ಹೋಗೋದು ಬೇಡ, ಯಾಕೆ ಅಂತ ಕೇಳೋಣ. ಮತ್ತೆ ಅಬರ್ಡೀನಿನ ಡಬ್ಬಿಯನ್ನು ನೆನಪಿಟ್ಟುಕೊಂಡು, ನೀರನ್ನು ಕುದಿಸಿ ಆರಿಸಿಯೇ ಕುಡಿಯೋಣ.